ಶ್ರದ್ಧಾಂಜಲಿ ಫೋಟೊಗೆ ಇಪ್ಪತ್ತು ನಿಮಿಷ ಕೊಡಿ

ಮಾನ್ಯ ಸಂಪಾದಕರೆ,

ಪತ್ರಿಕೆಗಳ ಒಳಪುಟದಲ್ಲಿ ಬರುವ ಶ್ರದ್ಧಾಂಜಲಿ, ವೈಕುಂಠ ಸಮಾರಾಧನೆ, ಪುಣ್ಯಸ್ಮರಣೆಯ ಜಾಹೀರಾತುಗಳಲ್ಲಿರುವ ಫೋಟೊಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಜ್ಜಿಯ ನರೆಗೂದಲು ಅರ್ಧ ಕಾಣೆಯಾಗಿ ಅಲ್ಲಿ ನುಣುಪಾದ ಒಂದು ಗೆರೆ ಉಳಿದಿರುತ್ತದೆ. ಅಜ್ಜನ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು. ಕನ್ನಡಕಕ್ಕೆ ಒಂದು ಕಡೆಯ ಕಡ್ಡಿಯೇ ಇಲ್ಲ. ಕಿವಿಯೋಲೆಗೂ ಕೆನ್ನೆಗೂ ನಡುವೆ ಹಳೆಯ ಗೋಡೆಯ ಹಸಿರು ಚೂರು. ಇವೆಲ್ಲ ಅಚ್ಚಿನ ದೋಷಗಳಲ್ಲ. ಗುಂಪಿನ ಫೋಟೊದಿಂದ ಒಬ್ಬರನ್ನು ಬೇರ್ಪಡಿಸುವಾಗ, ಅಂದರೆ ಸೆಲೆಕ್ಷನ್ ಮಾಡುವಾಗ ಆದ ತಪ್ಪುಗಳು. ತೀರಿಹೋದವರ ಮುಖ ಊರಿನವರೆಲ್ಲರ ಕಣ್ಣಿಗೆ ಕೊನೆಯ ಸಲ ಬೀಳುವುದು ಆ ಜಾಹೀರಾತಿನಲ್ಲಿ. ಮನೆಯವರು ಅದನ್ನು ಕತ್ತರಿಸಿ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಇಪ್ಪತ್ತು ನಿಮಿಷದ ಕೆಲಸವಾದರೂ ಸಲ್ಲಬೇಕು ಎಂಬುದು ಈ ಪತ್ರದ ಅಹವಾಲು. ಆ ಇಪ್ಪತ್ತು ನಿಮಿಷದಲ್ಲಿ ಏನು ಮಾಡಬೇಕೆಂಬುದನ್ನೂ ಬರೆಯುತ್ತಿದ್ದೇನೆ. ಡಿಟಿಪಿ ಅಂಗಡಿಯವರಿಗೆ ಉಪಯೋಗವಾಗಬಹುದು, ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಮೊಮ್ಮಕ್ಕಳಿಗೂ ಉಪಯೋಗವಾಗಬಹುದು. ಜಿಂಪ್ ಎಂಬ ತಂತ್ರಾಂಶವನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಅದು ಉಚಿತ, ಮುಕ್ತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. 2025ರ ಮಾರ್ಚ್‌ನಲ್ಲಿ ಅದರ 3.0 ಆವೃತ್ತಿ ಬಂದಿದೆ. ಇಲ್ಲಿ ಹೇಳುವುದೆಲ್ಲ ಹಳೆಯ 2.10ರಲ್ಲೂ ಆಗುತ್ತದೆ.

ಈಗ ಎಲ್ಲರೂ ನೆಚ್ಚಿಕೊಂಡಿರುವುದು ಒಂದೇ ಕ್ಲಿಕ್ಕಿನಲ್ಲಿ ಬ್ಯಾಕ್‌ಗ್ರೌಂಡ್ ತೆಗೆಯುವ ಜಾಲತಾಣಗಳನ್ನು, ಮೊಬೈಲ್ ಆ್ಯಪ್‌ಗಳನ್ನು. ಅವು ಕೆಟ್ಟವೆಂದು ಹೇಳಲಾರೆ. ಬಣ್ಣದ ಗೋಡೆಯ ಮುಂದೆ, ಒಳ್ಳೆಯ ಬೆಳಕಿನಲ್ಲಿ ನಿಂತ ಯುವಕನ ಫೋಟೊವನ್ನು ಚೆನ್ನಾಗಿಯೇ ಬಿಡಿಸಿಕೊಡುತ್ತವೆ. ಇಂಥ ಉಪಕರಣಗಳಲ್ಲಿ ಹಲವು ಚಿತ್ರವನ್ನು ಮೊದಲು ಸಣ್ಣದು ಮಾಡಿಕೊಂಡು ಮನುಷ್ಯ ಎಲ್ಲಿದ್ದಾನೆಂದು ಊಹಿಸಿ, ಆಮೇಲೆ ಆ ಅಂಚನ್ನು ಮೂಲ ಗಾತ್ರಕ್ಕೆ ಹಿಗ್ಗಿಸುತ್ತವೆ. ಹಾಗಾಗಿ ತೆಳ್ಳಗಿರುವುದೆಲ್ಲ ಹೋಗುತ್ತದೆ: ಕನ್ನಡಕದ ಕಡ್ಡಿ, ತುಳಸಿ ಮಾಲೆಯ ದಾರ, ಊರುಗೋಲು, ಹಾರಾಡುವ ಕೂದಲು. ಬಳೆಯ ಒಳಗೆ, ತೋಳಿಗೂ ಸೊಂಟಕ್ಕೂ ನಡುವೆ ಇರುವ ಸಣ್ಣ ಕಿಂಡಿಗಳು ಮುಚ್ಚಿಹೋಗಿ ಅಲ್ಲಿ ಹಳೆಯ ಬ್ಯಾಕ್‌ಗ್ರೌಂಡ್ ಉಳಿದುಬಿಡುತ್ತದೆ. ಕೆಲವು ತಾಣಗಳು ಪುಕ್ಕಟೆ ಬಳಕೆದಾರರಿಗೆ ಚಿತ್ರವನ್ನು ಕುಗ್ಗಿಸಿಯೇ ಮರಳಿಸುತ್ತವೆ. ಪತ್ರಿಕೆಗೆ ಸಾಕಾದರೂ ಮನೆಮುಂದಿನ ಫ್ಲೆಕ್ಸ್‌ಗೆ ಅದು ಸಾಲದು. ಕ್ಲಿಕ್ ಮಾಡಿ, ಆದರೆ ಅಲ್ಲಿಗೆ ಕೈಬಿಡಬೇಡಿ. ಬಂದದ್ದನ್ನು ಕರಡು ಎಂದುಕೊಂಡು ತಿದ್ದಿ.

ತಿದ್ದಬೇಕಾದರೆ ಸೆಲೆಕ್ಷನ್ ಎಂದರೇನೆಂದು ಸರಿಯಾಗಿ ತಿಳಿದಿರಬೇಕು. ಪರದೆಯ ಮೇಲೆ ಇರುವೆ ಸಾಲಿನಂತೆ ಓಡುವ ಗೆರೆಯನ್ನೇ ಸೆಲೆಕ್ಷನ್ ಎಂದು ನಂಬಿರುವವರು ಬಹಳ. ನಿಜಕ್ಕೂ ಅದೊಂದು ಕಪ್ಪು-ಬಿಳುಪಿನ ಚಿತ್ರ. ಒಂದೊಂದು ಪಿಕ್ಸೆಲ್‌ಗೂ, ಅಂದರೆ ಚಿತ್ರದ ಅತಿ ಸಣ್ಣ ಚುಕ್ಕೆಗೂ, 0ಯಿಂದ 255ರವರೆಗೆ ಒಂದು ಬೆಲೆ. 0 ಎಂದರೆ ಸೇರಿಲ್ಲ, 255 ಎಂದರೆ ಪೂರ್ತಿ ಸೇರಿದೆ, 100 ಎಂದರೆ ಸುಮಾರು ಐದರಲ್ಲಿ ಎರಡು ಪಾಲು ಸೇರಿದೆ. ಓಡುವ ಗೆರೆ ತೋರಿಸುವುದು ಅರ್ಧ ಸೇರಿದ ಜಾಗದ ಗಡಿಯನ್ನು ಮಾತ್ರ. ಹೀಗಾಗಿ ಕೂದಲಿನ ತುದಿಯಲ್ಲಿ ಬೆಲೆ 60 ಇರುವ ಎಳೆಗಳು ಗೆರೆಯ ಹೊರಗೇ ಇದ್ದರೂ ಸೆಲೆಕ್ಷನ್‌ನ ಒಳಗಿರುತ್ತವೆ. ಗೆರೆ ನೋಡಿ ತೀರ್ಮಾನಿಸದೆ ಶಿಫ್ಟ್ ಮತ್ತು ಕ್ಯೂ ಕೀ ಒತ್ತಿ ಕ್ವಿಕ್ ಮಾಸ್ಕ್‌ಗೆ ಹೋಗಿ. ಸೇರದ ಭಾಗ ಕೆಂಪಾಗಿ ಕಾಣುತ್ತದೆ, ಅರ್ಧ ಸೇರಿದ್ದು ತಿಳಿಗೆಂಪು. ಬಿಳಿ ಬಣ್ಣದ ಬ್ರಷ್ ಆಡಿಸಿದರೆ ಸೇರುತ್ತದೆ, ಕಪ್ಪು ಆಡಿಸಿದರೆ ಬಿಟ್ಟುಹೋಗುತ್ತದೆ. ಮತ್ತೆ ಅದೇ ಕೀಗಳನ್ನು ಒತ್ತಿದರೆ ಸೆಲೆಕ್ಷನ್‌ಗೆ ವಾಪಸು.

ಇನ್ನೊಂದು ಮಾತು. ಎರೇಸರ್ ಮುಟ್ಟಲೇಬೇಡಿ, ಡಿಲೀಟ್ ಕೂಡ ಒತ್ತಬೇಡಿ. ಸೆಲೆಕ್ಷನ್ ಆದ ಮೇಲೆ ಲೇಯರ್ (ಚಿತ್ರದ ಪದರ) ಮೆನುವಿನ ಮಾಸ್ಕ್‌ಗೆ ಹೋಗಿ, ಲೇಯರ್ ಮಾಸ್ಕ್ ಸೇರಿಸುವಾಗ ‘ಸೆಲೆಕ್ಷನ್’ ಎಂಬುದನ್ನು ಆರಿಸಿ. ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಚಿತ್ರ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ, ಅಳಿಸಿ ಹೋಗುವುದಿಲ್ಲ. ಕಿವಿ ಕತ್ತರಿಸಿಹೋಗಿದೆ ಎಂದು ಮನೆಯವರು ಸಂಜೆ ಫೋನ್ ಮಾಡಿದರೆ ಬಿಳಿ ಬ್ರಷ್‌ನಿಂದ ಕಿವಿಯನ್ನು ಮರಳಿ ತರಬಹುದು. ಫೈಲನ್ನು ಜಿಂಪ್‌ನದೇ ಬಗೆಯಾದ ಎಕ್ಸ್‌ಸಿಎಫ್ ಆಗಿ ಉಳಿಸಿ, ಪುಟಕ್ಕೆ ಹೋಗುವ ಪ್ರತಿಯನ್ನು ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಖಾಲಿ ಜಾಗ ಬಿಳಿಯೋ ಮತ್ತೊಂದೋ ಬಣ್ಣವಾಗಿ ತುಂಬಿಕೊಳ್ಳುತ್ತದೆ.

ಮ್ಯಾಜಿಕ್ ವಾಂಡ್ ಎಂದು ಕರೆಯುವ ಉಪಕರಣದಿಂದಲೇ ಹೆಚ್ಚಿನವರು ಶುರುಮಾಡುತ್ತಾರೆ, ಹೆಚ್ಚು ಹಾಳಾಗುವುದೂ ಅಲ್ಲೇ. ಜಿಂಪ್‌ನಲ್ಲಿ ಅದರ ಹೆಸರು ಫಝಿ ಸೆಲೆಕ್ಟ್. ನೀವು ಒತ್ತಿದ ಪಿಕ್ಸೆಲ್‌ನ ಬಣ್ಣಕ್ಕೆ ಹೋಲಿಸಿ, ಥ್ರೆಷೋಲ್ಡ್ ಎಂಬ ಸಂಖ್ಯೆಯ ಮಿತಿಯೊಳಗೆ ಬರುವ, ಒಂದಕ್ಕೊಂದು ತಾಗಿಕೊಂಡಿರುವ ಪಿಕ್ಸೆಲ್‌ಗಳನ್ನು ಅದು ಹಿಡಿಯುತ್ತದೆ. ಹೋಲಿಕೆ ಯಾವಾಗಲೂ ಒತ್ತಿದ ಪಿಕ್ಸೆಲ್‌ಗೆ, ಪಕ್ಕದ ಪಿಕ್ಸೆಲ್‌ಗಲ್ಲ. ಟ್ಯೂಬ್‌ಲೈಟ್ ಕೆಳಗಿನ ಗೋಡೆಯನ್ನೇ ತೆಗೆದುಕೊಳ್ಳಿ. ದೀಪದ ಹತ್ತಿರ ಬೆಲೆ 235 ಇದ್ದರೆ ಮೂಲೆಯಲ್ಲಿ 190 ಇರಬಹುದು. ಥ್ರೆಷೋಲ್ಡ್ 15 ಇಟ್ಟು ದೀಪದ ಹತ್ತಿರ ಒತ್ತಿದರೆ ಗೋಡೆಯ ಒಂದು ಭಾಗ ಮಾತ್ರ ಸಿಗುತ್ತದೆ. ಸಿಗಲಿಲ್ಲವೆಂದು 50ಕ್ಕೆ ಏರಿಸಿದರೆ ಗೋಡೆಯ ಜತೆ ಬಿಳಿ ಪಂಚೆ, ಬಿಳಿ ಅಂಗಿ, ಮುಡಿದ ಮಲ್ಲಿಗೆ ಎಲ್ಲವನ್ನೂ ನುಂಗುತ್ತದೆ. ಸಂಖ್ಯೆಯನ್ನು 12ರಿಂದ 18ರೊಳಗೆ ಇಟ್ಟು, ಶಿಫ್ಟ್ ಹಿಡಿದು ಗೋಡೆಯ ನಾಲ್ಕೈದು ಕಡೆ ಒತ್ತುತ್ತಾ ಸೇರಿಸಿಕೊಂಡು ಹೋಗುವುದು ಸರಿಯಾದ ಕ್ರಮ. ಹೆಚ್ಚಾಗಿ ಸೇರಿದ್ದನ್ನು ಕಂಟ್ರೋಲ್ ಹಿಡಿದು ಒತ್ತಿ ಕಳೆಯಬಹುದು. ಫೋಟೊಶಾಪ್‌ನಲ್ಲಾದರೆ ಕಳೆಯಲು ಆಲ್ಟ್.

ಜೆಪೆಗ್ ಫೋಟೊಗಳಲ್ಲಿ ಇನ್ನೊಂದು ತೊಡಕಿದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು 2×2 ಪಿಕ್ಸೆಲ್‌ಗೆ ಒಂದರಂತೆ ಇಟ್ಟುಕೊಳ್ಳುತ್ತದೆ. ಬೆಳಕಿನ ಮಾಹಿತಿ ಮಾತ್ರ ಪಿಕ್ಸೆಲ್‌ಗೊಂದರಂತೆ ಉಳಿಯುತ್ತದೆ. ಕೆಂಪು ಸೀರೆ ಹಸಿರು ಪರದೆಗೆ ತಾಗುವಲ್ಲಿ ಬಣ್ಣ ಆಚೀಚೆ ಕಲಸಿಹೋಗಿರುತ್ತದೆ, ವಾಂಡ್‌ನ ಅಂಚು ಗರಗಸದ ಹಲ್ಲಿನಂತೆ ಬರುತ್ತದೆ. ಇಂಥ ಕಡೆ ಟೂಲ್ ಆಪ್ಷನ್‌ನ ‘ಸೆಲೆಕ್ಟ್ ಬೈ’ ಎಂಬಲ್ಲಿ ಕಾಂಪೋಸಿಟ್ ಬದಲು ವ್ಯಾಲ್ಯೂ ಆರಿಸಿ ನೋಡಿ. ಸೀರೆಗೂ ಪರದೆಗೂ ಬೆಳಕಿನಲ್ಲಿ ವ್ಯತ್ಯಾಸವಿದ್ದರೆ ಅಂಚು ಎಷ್ಟೋ ನೇರವಾಗುತ್ತದೆ.

ಹೆಗಲು, ತೋಳು, ಕೋಟು, ಪೇಟ ಇವಕ್ಕೆ ವಾಂಡ್ ಬೇಡವೇ ಬೇಡ. ಗಟ್ಟಿ ಅಂಚಿಗೆ ಪಾತ್ ಟೂಲ್. ಫೋಟೊಶಾಪ್ ಬಳಸುವವರ ಪೆನ್ ಟೂಲ್ ಇದೇ. ಚಿತ್ರವನ್ನು 200 ಶೇಕಡಕ್ಕೆ ಹಿಗ್ಗಿಸಿ, ವ್ಯಕ್ತಿಯ ಅಂಚಿಗಿಂತ ಒಂದು ಅಥವಾ ಎರಡು ಪಿಕ್ಸೆಲ್ ಒಳಗೇ ಬಿಂದು ಇಡುತ್ತಾ ಹೋಗಿ. ಸರಿಯಾಗಿ ಅಂಚಿನ ಮೇಲೇ ಇಟ್ಟರೆ ಹಿಂದಿನ ಗೋಡೆ ಬೆರೆತ ಪಿಕ್ಸೆಲ್‌ಗಳೂ ಜತೆಗೆ ಬರುತ್ತವೆ. ತಿರುವು ಬದಲಾಗುವ ಕಡೆ ಮಾತ್ರ ಬಿಂದು ಬೇಕು. ಒಂದು ಹೆಗಲಿಗೆ ಮೂರು ಸಾಕು. ಹತ್ತು ಇಟ್ಟರೆ ಹೆಗಲು ಗಂಟುಗಂಟಾಗುತ್ತದೆ. ಬಿಂದುವಿನಿಂದ ಎಳೆದಾಗ ಬರುವ ಹಿಡಿಗಳಿಂದ ಬಾಗು ಸರಿಮಾಡಿ, ಸುತ್ತು ಮುಗಿದ ಮೇಲೆ ಪಾತ್ ಅನ್ನು ಸೆಲೆಕ್ಷನ್ ಆಗಿಸಿ.

ಅಂಚನ್ನು ತಾನೇ ಹುಡುಕಿಕೊಂಡು ಹೋಗುವ ಸಿಝರ್ಸ್ ಟೂಲ್ ಕೂಡ ಇದೆ. ಎರಿಕ್ ಮಾರ್ಟೆನ್ಸನ್ ಮತ್ತು ವಿಲಿಯಂ ಬ್ಯಾರೆಟ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ ವಿಧಾನವೇ ಅದಕ್ಕೆ ಆಧಾರ. ಎರಡು ಬಿಂದುಗಳ ನಡುವೆ ಅತಿ ಗಾಢವಾದ ಅಂಚಿನ ದಾರಿಯನ್ನು ಅದು ಹಿಡಿಯುತ್ತದೆ. ರೇಷ್ಮೆ ಸೀರೆಯಲ್ಲಿ ಹೆಗಲಿನ ಅಂಚಿಗಿಂತ ಜರಿಯಂಚು ಗಾಢವಾಗಿರುವುದರಿಂದ ಗೆರೆ ಹೆಗಲು ಬಿಟ್ಟು ಜರಿಯ ಮೇಲೆ ಹರಿದುಬಿಡುತ್ತದೆ. ಸೀರೆಯುಟ್ಟವರ ಫೋಟೊಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ.

ಕಷ್ಟವಿರುವುದು ಕೂದಲಲ್ಲಿ. ಒಂದು ಎಳೆ ಕೂದಲು ಎಷ್ಟೋ ಸಲ ಒಂದು ಪಿಕ್ಸೆಲ್‌ಗಿಂತ ಸಣ್ಣ. ಆ ಪಿಕ್ಸೆಲ್‌ನಲ್ಲಿ ಕೂದಲ ಬಣ್ಣ, ಗೋಡೆಯ ಬಣ್ಣ ಎರಡೂ ಬೆರೆತಿರುತ್ತವೆ. ನಮಗೆ ಕಾಣುವುದು ಬೆರೆತ ಬಣ್ಣದ ಮೂರು ಸಂಖ್ಯೆಗಳು: ಕೆಂಪು, ಹಸಿರು, ನೀಲಿ. ತಿಳಿಯಬೇಕಾದವು ಏಳು: ಕೂದಲ ಮೂರು, ಗೋಡೆಯ ಮೂರು, ಬೆರಕೆಯ ಪ್ರಮಾಣ ಒಂದು. ಮೂರರಿಂದ ಏಳನ್ನು ಕಂಡುಹಿಡಿಯಲು ಸುತ್ತಲಿನ ಪಿಕ್ಸೆಲ್‌ಗಳನ್ನು ನೋಡಿ ಅಂದಾಜು ಮಾಡಲೇಬೇಕು. ಈ ಅಂದಾಜಿಗೆ ಮ್ಯಾಟಿಂಗ್ ಎಂದು ಹೆಸರು. ಜಿಂಪ್‌ನಲ್ಲಿ ಅದನ್ನು ಮಾಡುವುದು ಫೋರ್‌ಗ್ರೌಂಡ್ ಸೆಲೆಕ್ಟ್ ಟೂಲ್. ಅದಕ್ಕೆ ಸರಿಯಾದ ಸುಳಿವು ಕೊಡುವುದು ನಮ್ಮ ಕೆಲಸ.

ಮೊದಲು ಇಡೀ ವ್ಯಕ್ತಿಯ ಸುತ್ತ, ಕೂದಲ ತುದಿಯಿಂದ ಇಪ್ಪತ್ತು ಮೂವತ್ತು ಪಿಕ್ಸೆಲ್ ಹೊರಗೆ, ಒರಟಾಗಿ ಒಂದು ಸುತ್ತು ಹಾಕಿ ಎಂಟರ್ ಒತ್ತಿ. ಸುತ್ತಿನ ಹೊರಗಿರುವುದೆಲ್ಲ ಖಂಡಿತವಾಗಿ ಬ್ಯಾಕ್‌ಗ್ರೌಂಡ್ ಎಂದು ಅದು ತಿಳಿಯುತ್ತದೆ. ಈಗ ಬರುವ ಬ್ರಷ್‌ನಿಂದ ಖಂಡಿತವಾಗಿ ವ್ಯಕ್ತಿಗೆ ಸೇರಿದ ಜಾಗಕ್ಕೆ ಮಾತ್ರ ಬಳಿಯಿರಿ: ಮುಖ, ಕತ್ತು, ಬಟ್ಟೆ, ದಟ್ಟವಾದ ಕೂದಲು. ಹೊರಗಿನ ಬಿಡಿ ಎಳೆಗಳಿರುವ ಪಟ್ಟಿಯನ್ನು ಮುಟ್ಟಬೇಡಿ. ಅಲ್ಲಿ ತೀರ್ಮಾನ ತಂತ್ರಾಂಶದ್ದು. ಎಳೆಗಳ ಮೇಲೂ ಬಳಿದರೆ ಗೋಡೆಯನ್ನೇ ಕೂದಲು ಎಂದು ಕಲಿಸಿದಂತಾಗಿ ತಲೆಯ ಸುತ್ತ ಮಸುಕು ಪ್ರಭೆ ಉಳಿಯುತ್ತದೆ. ಎಂಜಿನ್ ಆಯ್ಕೆಯಲ್ಲಿ ಲೆವಿನ್ ಎಂಬುದು ಕೂದಲಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ನಿಧಾನ, ಮೆಮೊರಿಯೂ ಹೆಚ್ಚು ಬೇಕು. ಹಳೆಯ ಕಂಪ್ಯೂಟರ್ ಆದರೆ ಚಿತ್ರವನ್ನು ಮುಖ ಮತ್ತು ಎದೆಯ ಮಟ್ಟಕ್ಕೆ ಕ್ರಾಪ್ ಮಾಡಿಕೊಂಡೇ ಶುರುಮಾಡಿ. ಪ್ರಿವ್ಯೂ ನೋಡಿ, ಬಿಟ್ಟುಹೋದ ಕಡೆ ಮತ್ತೊಂದು ಗೆರೆ ಎಳೆದು ಎಂಟರ್. ಬಂದದ್ದನ್ನು ಮಾಸ್ಕ್ ಮಾಡಿ. ಆಮೇಲೆ ಪಾತ್‌ನಿಂದ ದೇಹದ ಸೆಲೆಕ್ಷನ್ ತಂದು ಮಾಸ್ಕ್ ಮೇಲೆ ಬಿಳಿ ತುಂಬಿ, ಕಂಟ್ರೋಲ್ ಮತ್ತು ಐ ಒತ್ತಿ ಸೆಲೆಕ್ಷನ್ ತಿರುಗಿಸಿ, ಕಿವಿಯಿಂದ ಕೆಳಗಿನ ಹೊರಭಾಗಕ್ಕೆ ಮಾತ್ರ ಕಪ್ಪು ಬ್ರಷ್ ಆಡಿಸಿ. ಹೆಗಲಿಗೆ ಪಾತ್‌ನ ಗಟ್ಟಿ ಅಂಚು, ತಲೆಗೆ ಮ್ಯಾಟಿಂಗ್‌ನ ನವಿರು ಅಂಚು ಸಿಗುತ್ತದೆ.

ನರೆಗೂದಲು ಬಿಳಿ ಗೋಡೆಯ ಮುಂದಿದ್ದರೆ ಇದೂ ಸೋಲಬಹುದು. ಆಗ ಚಾನೆಲ್‌ಗಳನ್ನು ಬಿಡಿಸಿ ನೋಡಬೇಕು. ಕಲರ್ಸ್ ಮೆನುವಿನ ಕಾಂಪೊನೆಂಟ್ಸ್‌ನಲ್ಲಿರುವ ಡಿಕಂಪೋಸ್ ಒತ್ತಿ ಆರ್‌ಜಿಬಿ ಆರಿಸಿದರೆ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಕಪ್ಪು-ಬಿಳುಪು ಲೇಯರ್‌ಗಳಾಗಿ ತೆರೆಯುತ್ತವೆ. ನಮ್ಮ ಮನೆಗಳಲ್ಲಿ ಬಿಳಿ ಎಂದು ಕಾಣುವ ಗೋಡೆ ಬಹುಪಾಲು ಕೆನೆಬಣ್ಣದ ಡಿಸ್ಟೆಂಪರ್. ಕೆನೆಬಣ್ಣದಲ್ಲಿ ನೀಲಿ ಕಡಿಮೆ, ನರೆಗೂದಲಲ್ಲಿ ನೀಲಿ ಹೆಚ್ಚು. ಆದ್ದರಿಂದ ನೀಲಿ ಚಾನೆಲ್‌ನಲ್ಲಿ ಗೋಡೆ ಮಬ್ಬಾಗಿ, ಕೂದಲು ಬೆಳ್ಳಗೆ ಎದ್ದು ಕಾಣುತ್ತದೆ. ಆ ಲೇಯರ್‌ಗೆ ಕಪ್ಪು-ಬಿಳುಪಿನ ಹದ ಬದಲಿಸುವ ಲೆವೆಲ್ಸ್ ಹಾಕಿ ಗೋಡೆ ಕಪ್ಪಾಗುವವರೆಗೆ ಕಪ್ಪು ಗುರುತನ್ನೂ, ಕೂದಲು ಬೆಳ್ಳಗಾಗುವವರೆಗೆ ಬಿಳಿ ಗುರುತನ್ನೂ ಒಳಗೆ ತಳ್ಳಿ. ನಡುವಿನ ಬೂದು ಸ್ವಲ್ಪ ಉಳಿಯಲೇಬೇಕು. ಪೂರ್ತಿ ತಳ್ಳಿದರೆ ಎಳೆಗಳು ತಂತಿಯಂತೆ ಒರಟಾಗುತ್ತವೆ. ಅದನ್ನು ಕಾಪಿ ಮಾಡಿ ಮೂಲ ಚಿತ್ರದ ಮಾಸ್ಕ್ ಮೇಲೆ ಪೇಸ್ಟ್ ಮಾಡಿ ಆ್ಯಂಕರ್ ಮಾಡಿ (ಅಲ್ಲೇ ಕೂರಿಸಿ), ಮುಖ ಮತ್ತು ಮೈಯನ್ನು ಬಿಳಿ ಬ್ರಷ್‌ನಿಂದ ತುಂಬಿದರೆ ಆಯಿತು. ಕಪ್ಪು ಕೂದಲು, ತಿಳಿ ಗೋಡೆಯಾದರೆ ಇದೇ ಕೆಲಸವನ್ನು ಇನ್ವರ್ಟ್ ಮಾಡಿ, ಅಂದರೆ ಕಪ್ಪು-ಬಿಳುಪನ್ನು ಅದಲುಬದಲು ಮಾಡಿ ನಡೆಸಬೇಕು.

ಫ್ಲ್ಯಾಷ್ ಹೊಡೆದು ಕೂದಲೂ ಗೋಡೆಯೂ 255, 255, 255 ಆಗಿಹೋಗಿದ್ದರೆ ಮಾತ್ರ ಯಾವ ಉಪಕರಣವೂ ಏನನ್ನೂ ಬಿಡಿಸಲಾರದು. ಅಂಥ ಫೋಟೊವನ್ನು ಕತ್ತರಿಸಲೇಬಾರದು. ಗೋಡೆ ಸಮೇತ ಆಯತಾಕಾರದಲ್ಲಿ ಅಥವಾ ಅಂಡಾಕಾರದಲ್ಲಿ ಹಾಕಿದರೆ ಗೌರವಕ್ಕೆ ಏನೂ ಕುಂದಿಲ್ಲ, ತಲೆ ತುಂಡಾದ ಕಟ್‌ಔಟ್‌ಗಿಂತ ಅದು ಎಷ್ಟೋ ಮೇಲು. ವ್ಯಕ್ತಿಯನ್ನು ಬಿಡಿಸಿ ಮೋಡದ ಮೇಲೋ ದೀಪದ ಪಕ್ಕವೋ ನಿಲ್ಲಿಸಲೇಬೇಕೆಂಬ ರೂಢಿಯನ್ನು ನಾವೇ ಸ್ವಲ್ಪ ಸಡಿಲಿಸಬೇಕು.

ಮಾಸ್ಕ್ ಸರಿಯಾಗಿದ್ದರೂ ಕೂದಲ ತುದಿಯಲ್ಲಿ ಹಳೆಯ ಗೋಡೆಯ ಬಣ್ಣ ಉಳಿಯುವುದುಂಟು. ಹಸಿರು ಗೋಡೆಯ ಮುಂದೆ ತೆಗೆದ ಫೋಟೊವನ್ನು ಕಪ್ಪು ಹಿನ್ನೆಲೆಗೆ ತಂದರೆ ತಲೆಯ ಸುತ್ತ ಹಸಿರು ಹೊಳಪು ಕಾಣುತ್ತದೆ. ಇದಕ್ಕೆ ಮಾಸ್ಕ್ ಅನ್ನು ಇನ್ನಷ್ಟು ಒಳಗೆ ಕೊರೆಯುವುದು ತಪ್ಪು ಮದ್ದು, ಎಳೆಗಳೇ ಹೋಗಿಬಿಡುತ್ತವೆ. ಲೇಯರ್ ಪಟ್ಟಿಯಲ್ಲಿ ಮಾಸ್ಕ್ ಮೇಲಲ್ಲದೆ ಚಿತ್ರದ ಮೇಲೆ ಒತ್ತಿ, ಒಳಗಿನ ಕೂದಲ ಬಣ್ಣವನ್ನು ಹೆಕ್ಕಿಕೊಂಡು, ಮೃದುವಾದ ಬ್ರಷ್‌ನಿಂದ ತುದಿಯ ಪಟ್ಟಿಯ ಮೇಲೆ ಬಳಿಯಿರಿ. ಎಳೆಗಳ ಆಕಾರವನ್ನು ಮಾಸ್ಕ್ ಕಾಯುತ್ತದೆ, ಬಣ್ಣ ಮಾತ್ರ ಬದಲಾಗುತ್ತದೆ. ಫೋಟೊಶಾಪ್‌ನ ಸೆಲೆಕ್ಟ್ ಆ್ಯಂಡ್ ಮಾಸ್ಕ್‌ನಲ್ಲಿರುವ ಡಿಕಂಟ್ಯಾಮಿನೇಟ್ ಕಲರ್ಸ್ ಇದನ್ನೇ ತಾನಾಗಿ ಮಾಡುತ್ತದೆ.

ಫೆದರ್, ಅಂದರೆ ಅಂಚನ್ನು ಮೃದುವಾಗಿ ಕರಗಿಸುವ ಆಯ್ಕೆಯ ವಿಷಯದಲ್ಲಿ ಎಲ್ಲರಿಗೂ ಒಂದೇ ಸಂಖ್ಯೆಯ ಮೇಲೆ ಮೋಹ. ಎಷ್ಟು ಪಿಕ್ಸೆಲ್ ಎಂಬುದು ಚಿತ್ರದ ಗಾತ್ರದ ಮೇಲೆ ನಿಂತಿದೆ. 35×45 ಮಿಲಿಮೀಟರ್‌ನ ಪಾಸ್‌ಪೋರ್ಟ್ ಅಳತೆಯ ಫೋಟೊ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 413×531 ಪಿಕ್ಸೆಲ್. ಅದರಲ್ಲಿ 3 ಪಿಕ್ಸೆಲ್ ಫೆದರ್ ಕೊಟ್ಟರೆ ಕಿವಿ ಕರಗಿಹೋಗುತ್ತದೆ. 4000 ಪಿಕ್ಸೆಲ್ ಅಗಲದ ಮೊಬೈಲ್ ಫೋಟೊದಲ್ಲಿ ಅದೇ 3 ಕಣ್ಣಿಗೂ ಕಾಣದು. ಒಂದೇ ಫೋಟೊದಲ್ಲಿಯೂ ಅಂಚು ಎಲ್ಲೆಡೆ ಒಂದೇ ಹದದಲ್ಲಿ ಇರುವುದಿಲ್ಲ: ಮುಖ ಸ್ಪಷ್ಟವಾಗಿದ್ದು ಹಿಂದಿನ ಹೆಗಲು ಮಸುಕಾಗಿದ್ದರೆ ಮುಖದ ಬಳಿ ಗಟ್ಟಿ ಬ್ರಷ್, ಹೆಗಲ ಬಳಿ ಮೃದು ಬ್ರಷ್ ಬಳಸಿ ಮಾಸ್ಕ್ ತಿದ್ದಬೇಕು. ಫ್ಲೆಕ್ಸ್‌ನ ಲೆಕ್ಕವೂ ಗೊತ್ತಿರಲಿ. ಉದ್ದ ಬದಿಯಲ್ಲಿ 1600 ಪಿಕ್ಸೆಲ್ ಇರುವ ಫೋಟೊವನ್ನು ಎಂಟು ಅಡಿ ಎತ್ತರಕ್ಕೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ ಒಂದೂವರೆ ಮಿಲಿಮೀಟರ್ ಆಗುತ್ತದೆ. ಪರದೆಯ ಮೇಲೆ ಲೆಕ್ಕಕ್ಕಿಲ್ಲವೆನಿಸಿದ ಮೂರು ಪಿಕ್ಸೆಲ್ ಬಿಳಿ ಅಂಚು ಬೀದಿಯಲ್ಲಿ ನಾಲ್ಕೂವರೆ ಮಿಲಿಮೀಟರ್ ದಪ್ಪದ ಗೆರೆಯಾಗಿ ವ್ಯಕ್ತಿಯನ್ನು ಸುತ್ತಿರುತ್ತದೆ.

ಹಳೆಯ ಸ್ಟುಡಿಯೊ ಕಪ್ಪು-ಬಿಳುಪು ಫೋಟೊಗಳು ಬೇರೆಯೇ ಬಗೆ. ಕಪ್ಪು ಕೋಟು, ಹಿಂದೆ ಕಡುಬಣ್ಣದ ಪರದೆ, ಎರಡಕ್ಕೂ ಗಡಿಯೇ ಕಾಣದು. ಲೇಯರ್‌ನ ನಕಲು ಮಾಡಿ, ಅದರ ಮೇಲೆ ಲೆವೆಲ್ಸ್‌ನ ನಡುಗುರುತನ್ನು 1.0ರಿಂದ 2.5ರವರೆಗೆ ಏರಿಸಿ. ಕತ್ತಲಲ್ಲಿದ್ದ ಹೆಗಲ ಗೆರೆ ಮೇಲೆ ಬರುತ್ತದೆ. ಅದನ್ನು ನೋಡಿಕೊಂಡು ಪಾತ್ ಎಳೆದು, ನಕಲನ್ನು ಅಳಿಸಿ, ಪಾತ್ ಅನ್ನು ಮೂಲಕ್ಕೆ ಬಳಸಿ. ಉಬ್ಬುತಗ್ಗಿನ ಕಾಗದದಲ್ಲಿ ಮುದ್ರಿಸಿದ ಫೋಟೊಗಳನ್ನು ಸ್ಕ್ಯಾನ್ ಮಾಡಿದಾಗ ಕಾಗದದ ವಿನ್ಯಾಸವೇ ವಾಂಡ್ ಅನ್ನು ದಾರಿ ತಪ್ಪಿಸುತ್ತದೆ. ಅಲ್ಲಿಯೂ ನಕಲಿಗೆ 3ರಿಂದ 5 ಪಿಕ್ಸೆಲ್ ಗಾಸಿಯನ್ ಬ್ಲರ್ (ಮಸುಕು) ಕೊಟ್ಟು, ಸೆಲೆಕ್ಷನ್ ಅನ್ನು ಆ ನಕಲಿನ ಮೇಲೆ ಮಾಡಿ, ಮಾಸ್ಕ್ ಅನ್ನು ಮೂಲಕ್ಕೆ ಹಾಕಬೇಕು.

ಹೆಗಲ ಮೇಲಿನ ಬೆರಳುಗಳಿಗೆ ಬರುತ್ತೇನೆ. ಬೆರಳಿನ ಕೆಳಗೆ ಅಂಗಿ ಹೇಗಿತ್ತೆಂಬುದು ಫೋಟೊದಲ್ಲಿ ಇಲ್ಲವೇ ಇಲ್ಲ, ಯಾವ ಸೆಲೆಕ್ಷನ್ ಕೂಡ ಅದನ್ನು ತಂದುಕೊಡದು. ಬೆರಳುಗಳಿಗಿಂತ ಮೇಲೆ, ಕೊರಳ ಪಟ್ಟಿಯ ಮಟ್ಟಕ್ಕೆ ಕ್ರಾಪ್ ಮಾಡುವುದು ಪ್ರಾಮಾಣಿಕವಾದ ದಾರಿ. ಅಷ್ಟು ಜಾಗ ಬಿಡಲಾಗದಿದ್ದರೆ ಇನ್ನೊಂದು ಹೆಗಲಿನ ಭಾಗವನ್ನು ಕಾಪಿ ಮಾಡಿ ಅಡ್ಡಲಾಗಿ ತಿರುಗಿಸಿ ಮುಚ್ಚಬಹುದು. ಅಂಗಿಗೆ ಜೇಬು, ಸೀರೆಗೆ ಸೆರಗು ಇದ್ದರೆ ಅದು ಎಡಬಲ ಅದಲುಬದಲಾಗಿ ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಊರುಗೋಲು, ಗಾಲಿಕುರ್ಚಿಗಳನ್ನು ಯಂತ್ರ ತಾನಾಗಿ ತೆಗೆದುಹಾಕಿದ್ದರೆ ಮನೆಯವರನ್ನು ಕೇಳದೆ ಹಾಗೇ ಬಿಡಬಾರದು. ಆ ಕೋಲು ಹಿಡಿದೇ ಅವರು ಕೊನೆಯ ವರ್ಷಗಳನ್ನು ನಡೆದಿರಬಹುದು.

ಕೊನೆಯ ಐದು ನಿಮಿಷ ಪರೀಕ್ಷೆಗೆ. ಕಟ್‌ಔಟ್‌ನ ಕೆಳಗೆ ಒಂದು ಲೇಯರ್ ಇಟ್ಟು ಮೊದಲು ಕಪ್ಪು, ಆಮೇಲೆ ಬಿಳಿ, ಆಮೇಲೆ ಜಾಹೀರಾತಿನ ನಿಜವಾದ ಬಣ್ಣ ತುಂಬಿ ನೋಡಿ. ಬಿಳಿ ಅಂಚು ಕಪ್ಪಿನ ಮೇಲೆ ಸಿಕ್ಕಿಬೀಳುತ್ತದೆ, ಕಡುಬಣ್ಣದ ಅಂಚು ಬಿಳಿಯ ಮೇಲೆ. ಕಿವಿ, ಓಲೆ, ಕನ್ನಡಕ, ಬಳೆ, ತೋಳಿನ ಸಂದು, ಈ ಐದು ಕಡೆ ತಪ್ಪದೆ ಹಿಗ್ಗಿಸಿ ನೋಡಿ.

ಇನ್ನು ಪತ್ರಿಕೆಯಲ್ಲಿ ಒಂದು ಕೋರಿಕೆ. ಜಾಹೀರಾತು ತೆಗೆದುಕೊಳ್ಳುವ ಕೌಂಟರ್‌ಗಳಲ್ಲಿ, ದರಪಟ್ಟಿಯ ಪಕ್ಕದಲ್ಲಿ ಮೂರು ಸೂಚನೆ ಬರೆದು ಹಾಕಿಸಿ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಅಂಚುಗಳು ಕಲಸಿಹೋಗುತ್ತವೆ. ಮೊದಲೇ ಕತ್ತರಿಸಿದ ಫೋಟೊ ಬೇಡ, ಗುಂಪಿನದಾದರೂ ಮೂಲವನ್ನೇ ಕೊಡಿ. ಮೊಬೈಲ್‌ನ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದದ್ದಕ್ಕಿಂತ ಸಾಮಾನ್ಯ ಮೋಡ್‌ನ ಫೋಟೊ ಇದ್ದರೆ ಅದನ್ನು ಕೊಡಿ, ಏಕೆಂದರೆ ಪೋರ್ಟ್ರೇಟ್ ಮೋಡ್ ಕಿವಿ, ಕನ್ನಡಕಗಳ ಬಳಿ ತಾನೇ ತಪ್ಪಾಗಿ ಮಸುಕು ಮಾಡಿರಬಹುದು, ಅದನ್ನು ಆಮೇಲೆ ತಿದ್ದುವುದು ಕಷ್ಟ. ಜತೆಗೆ, ಪುಟಕ್ಕೆ ಹೋಗುವ ಮುನ್ನ ಕಟ್‌ಔಟ್‌ನ ಪ್ರತಿಯೊಂದನ್ನು ಮನೆಯವರ ಮೊಬೈಲ್‌ಗೆ ಕಳಿಸಿ ಒಪ್ಪಿಗೆ ಪಡೆಯುವ ಪದ್ಧತಿ ಇಟ್ಟುಕೊಳ್ಳಿ. ಹೆಸರಿನ ಕಾಗುಣಿತ ತೋರಿಸಿ ಒಪ್ಪಿಗೆ ಪಡೆಯುವಾಗ ಫೋಟೊವನ್ನೂ ತೋರಿಸಬಹುದು.

ಇಂತಿ,
ಮುದ್ರಣ ವಿನ್ಯಾಸ ಕಲಿಸುವ ಒಬ್ಬ ಓದುಗ,
ಹುಬ್ಬಳ್ಳಿ